ಕೈಕೆಲಸದ ಕೋವಿ: ಲ್ಯಾಂಕಾಸ್ಟರಿನಿಂದ ಶ್ರೀರಂಗಪಟ್ಟಣದವರೆಗೆ

ಕೆಲವು ವರ್ಷಗಳ ಹಿಂದಿನ ಮಾತು. ನವರಾತ್ರಿಯ ಸಮಯ. ನಮ್ಮ ಸಂಘದ ಆಯುಧಪೂಜೆಗೆ ಎಂದಿನಂತೆ ಸಿದ್ಧತೆ ನಡೆದಿತ್ತು. ಈ ದೇಶದಲ್ಲಿ ನಮ್ಮ ಆಯುಧಪೂಜೆ ಎಂದರೆ ಏನೆಂದು ಓದುಗರಿಗೆ ಗೊತ್ತೇ ಇದೆ. ಕಾರಿನ ಬೀಗದ ಕೈ, ಕಂಪ್ಯೂಟರು, ಮಕ್ಕಳ ಕ್ಯಾಲ್ಕುಲೇಟರು, ಅಡಿಗೆಮನೆಯ ಮಿಕ್ಸರು, ಇಷ್ಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿಯ ಬದಲು ನಿಂಬೆಹಣ್ಣು ಹಿಚುಕಿದರೆ ಹಬ್ಬ ಮುಗಿಯಿತು. ಆ ವರ್ಷ ಸಮಿತಿಯ ಸಭೆಯಲ್ಲಿ ಕೊಡಗಿನವರಾದ ನಮ್ಮ ಹಿರಿಯ ಸದಸ್ಯರೊಬ್ಬರು ಮೆಲ್ಲಗೆ ಕೇಳಿದರು: "ನಾನು ಎರಡು ಚಳಿಗಾಲ ಕೂತು ಕೈಯಾರೆ ಮಾಡಿದ ಕೋವಿಯೊಂದು ಮನೆಯಲ್ಲಿದೆ. ಪೂಜೆಗೆ ಇಡಬಹುದೇ?"

ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಎಲ್ಲರೂ ಒಟ್ಟಿಗೇ ಮಾತನಾಡತೊಡಗಿದರು. ಒಬ್ಬ ತಾಯಿ ಹೇಳಿದ ಮಾತು ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿಯಿತು: "ಅಂಕಲ್, ತಪ್ಪು ತಿಳಿಯಬೇಡಿ. ನನ್ನ ಮಗಳು ಶಾಲೆಯಲ್ಲಿ ಆಗಾಗ ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಮೇಜಿನಡಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡುತ್ತಾಳೆ. ಹಬ್ಬದ ದಿನವೂ ಅವಳು ಕೋವಿಯನ್ನೇ ನೋಡಬೇಕೇ?" ಹಿರಿಯರು ಉತ್ತರ ಕೊಡಲಿಲ್ಲ. ಆದರೆ ಹೊರಡುವಾಗ, "ಅದನ್ನು ಕೊಂಡು ತಂದದ್ದಲ್ಲಮ್ಮ, ಮಾಡಿದ್ದು" ಎಂದಷ್ಟೇ ಹೇಳಿದರು.

ಕೊಂಡದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರವೇನು? ಇದನ್ನು ಅರಿಯುವ ಕುತೂಹಲದಿಂದ ನಾವು ಗ್ರಂಥಾಲಯಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಸುತ್ತಿದೆವು. ಕಂಡುಕೊಂಡದ್ದನ್ನು ಈ ಸ್ಮರಣ ಸಂಚಿಕೆಯ ಮೂಲಕ ಓದುಗರ ಮುಂದಿಡುತ್ತಿದ್ದೇವೆ.

ಪೆನ್ಸಿಲ್ವೇನಿಯದ ಕುಲುಮೆಗಳು

ಊರಿನಿಂದ ಅಪ್ಪ ಅಮ್ಮ ಬಂದರೆ ಆಮಿಶ್ ಜನರ ಕುದುರೆಗಾಡಿ ತೋರಿಸಲು ನಾವೆಲ್ಲ ಲ್ಯಾಂಕಾಸ್ಟರಿಗೆ ಕರೆದೊಯ್ಯುತ್ತೇವೆ. ಅದೇ ಲ್ಯಾಂಕಾಸ್ಟರ್ ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಕೋವಿ ಕಮ್ಮಾರರ ತವರಾಗಿತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಜರ್ಮನ್ ಭಾಷೆಯಾಡುವ ನಾಡುಗಳಿಂದ ಬಂದ ವಲಸೆಗಾರರು ತಮ್ಮೊಂದಿಗೆ 'ಯೇಗರ್' ಎಂಬ ಗಿಡ್ಡನೆಯ, ದಪ್ಪ ನಳಿಗೆಯ ಬೇಟೆಕೋವಿಯನ್ನು ತಂದರು. ಇಲ್ಲಿನ ಕಾಡಿಗೆ ಅದು ಹೊಂದಲಿಲ್ಲ. ಬೇಟೆಗಾರ ವಾರಗಟ್ಟಲೆ ಕಾಡಿನಲ್ಲಿರಬೇಕು. ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊರಬೇಕು. ಆದ್ದರಿಂದ ಕಮ್ಮಾರರು ನಳಿಗೆಯ ರಂಧ್ರವನ್ನು ಕಿರಿದು ಮಾಡಿದರು, ಉದ್ದವನ್ನು ಹೆಚ್ಚಿಸಿದರು. ನಲವತ್ತು ಅಂಗುಲಕ್ಕೂ ಮೀರಿದ ನಳಿಗೆ ಸಾಮಾನ್ಯವಾಯಿತು. ಗುಂಡು ಚಿಕ್ಕದಾದುದರಿಂದ ಒಂದು ಸೇರು ಸೀಸದಲ್ಲಿ ಹೆಚ್ಚು ಗುಂಡು ಬಂದವು. ಹೀಗೆ ಹುಟ್ಟಿದ್ದು 'ಲಾಂಗ್ ರೈಫಲ್', ಉದ್ದಕೋವಿ. ಇದಕ್ಕೆ 'ಕೆಂಟಕಿ ರೈಫಲ್' ಎಂಬ ಹೆಸರು ಜನಜನಿತವಾದದ್ದು 1815ರ ನ್ಯೂ ಆರ್ಲಿಯನ್ಸ್ ಯುದ್ಧವನ್ನು ಕುರಿತು 1820ರ ದಶಕದಲ್ಲಿ ಮನೆಮಾತಾದ ಒಂದು ಹಾಡಿನಿಂದ. ಹುಟ್ಟಿದ್ದು ಪೆನ್ಸಿಲ್ವೇನಿಯದಲ್ಲಿ, ಹೆಸರು ಕೆಂಟಕಿಯದು!

ಅದನ್ನು ಮಾಡುವ ಬಗೆ ಕೇಳಿದರೆ ನಮ್ಮೂರಿನ ಕುಲುಮೆಯೇ ಕಣ್ಣಮುಂದೆ ಬರುತ್ತದೆ. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಒಂದು ಸರಳಿನ ಸುತ್ತ ಬಗ್ಗಿಸಿ, ಕೆಲವೇ ಅಂಗುಲಗಳಷ್ಟು ಬೆಳ್ಳಗೆ ಕಾಯಿಸಿ ಬಡಿದು ಬೆಸೆಯಬೇಕು. ಹೀಗೆ ಇಡೀ ನಳಿಗೆ ಮುಗಿಯುವವರೆಗೆ ಮತ್ತೆ ಮತ್ತೆ. ಒಂದೆಡೆ ಬೆಸುಗೆ ಸಡಿಲಾದರೂ ಮದ್ದು ಸಿಡಿದು ಹಿಡಿದವನ ಕೈ ಹೋದೀತು. ಆಮೇಲೆ ಒಳಗನ್ನು ಕೊರೆದು ನುಣುಪು ಮಾಡಬೇಕು, ಹೊರಗನ್ನು ಅರದಿಂದ ಎಂಟು ಮೂಲೆಗೆ ತಿದ್ದಬೇಕು. ಕೊನೆಗೆ ಒಳಗೋಡೆಯಲ್ಲಿ ಸುರುಳಿಯಾಗಿ ಗೀರುಗಳನ್ನು ತೆಗೆಯಬೇಕು. ಇದಕ್ಕೊಂದು ಮರದ ಉರುಳೆ. ಅದರ ಮೈಮೇಲೆ ಕೊರೆದ ಸುರುಳಿಯೇ ಮಾರ್ಗದರ್ಶಿ. ಅದನ್ನು ತಳ್ಳಿ ಎಳೆದಂತೆಲ್ಲ ಸರಳಿನ ತುದಿಯ ಪುಟ್ಟ ಅಲಗು ತಿರುಗುತ್ತ ಕೂದಲೆಳೆಯಷ್ಟು ಕಬ್ಬಿಣವನ್ನು ಹೆರೆಯುತ್ತದೆ. ಒಂದೊಂದು ಗೀರಿಗೂ ಎಷ್ಟೋ ಸಲ ಎಳೆಯಬೇಕು. ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ತುರುಕಿದ ಗುಂಡು ಈ ಗೀರುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ. ಗುರಿ ತಪ್ಪದಿರುವ ಗುಟ್ಟು ಇದೇ.

ಮರಗೆಲಸದ್ದು ಮತ್ತೊಂದು ಕಥೆ. ಅಲೆಯಲೆಯಾದ ನಾರಿನ ಮೇಪಲ್ ಮರವನ್ನು ಆರಿಸಿ, ನಳಿಗೆ ಕೂರುವಂತೆ ತೋಡಬೇಕು. ಲೋಹಕ್ಕೆ ಕಾಡಿಗೆ ಸವರಿ ಮರದೊಳಗೆ ಒತ್ತಿ ತೆಗೆದರೆ, ಎಲ್ಲಿ ತಾಗಿತೋ ಅಲ್ಲಿ ಕಪ್ಪು ಅಂಟುತ್ತದೆ. ಆ ಕಪ್ಪನ್ನಷ್ಟೇ ಉಳಿಯಿಂದ ಹೆರೆಯುವುದು. ಮತ್ತೆ ಒತ್ತುವುದು, ಮತ್ತೆ ಹೆರೆಯುವುದು. ಮರ ಲೋಹಗಳ ನಡುವೆ ಕಾಗದವೂ ತೂರದಂತಾದಾಗ ಕೆಲಸ ಮುಗಿಯಿತು. ಹಿಂಬದಿಯಲ್ಲಿ ಬಟ್ಟೆಯ ತುಂಡುಗಳನ್ನಿಡಲು ಹಿತ್ತಾಳೆಯ ಮುಚ್ಚಳದ ಪುಟ್ಟ ಪೆಟ್ಟಿಗೆ. ಅದರ ಸುತ್ತ ಬಳ್ಳಿ ಹೂಗಳ ಕೆತ್ತನೆ. ಲ್ಯಾಂಕಾಸ್ಟರ್, ಯಾರ್ಕ್, ರೆಡಿಂಗ್, ಬೆಥ್ಲೆಹೆಮ್ ಹೀಗೆ ಒಂದೊಂದು ಸೀಮೆಗೂ ತನ್ನದೇ ಶೈಲಿ. ನಮ್ಮಲ್ಲಿ ಸೀರೆಯ ಅಂಚು ನೋಡಿ ಇಳಕಲ್ಲೋ ಮೊಳಕಾಲ್ಮೂರೋ ಎಂದು ಹೇಳುವಂತೆ, ಬಲ್ಲವರು ಕೋವಿಯ ಬಾಗು ನೋಡಿ ಊರು ಹೇಳುತ್ತಾರೆ.

ಈ ಕಮ್ಮಾರರಲ್ಲಿ ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್, ನ್ಯಾಜರೆತ್ ಬಳಿಯ ಕ್ರಿಶ್ಚಿಯನ್ಸ್ ಸ್ಪ್ರಿಂಗಿನ ಕ್ರಿಶ್ಚಿಯನ್ ಊರ್ಟರ್ ಮುಂತಾದವರ ಹೆಸರು ಉಳಿದಿದೆ. ಊರ್ಟರ್ 1775ರಲ್ಲಿ ಮಾಡಿ ತನ್ನ ಹೆಸರು ಕೆತ್ತಿದ ಕೋವಿಯೊಂದು 1971ರಲ್ಲಿ ವ್ಯಾಲಿ ಫೋರ್ಜ್ ಉದ್ಯಾನದಿಂದ ಕಳುವಾಗಿ, ಸುಮಾರು ಅರ್ಧ ಶತಮಾನದ ಮೇಲೆ ಸಿಕ್ಕಿ, 2019ರಲ್ಲಿ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂತು. ಮಾಡಿದವನ ಹೆಸರು ಅದರ ಮೈಮೇಲೆ ಇದ್ದುದರಿಂದ ಅದರ ಗುರುತು ಹಿಡಿಯುವುದು ಸಾಧ್ಯವಾಯಿತು.

1775ರ ಜೂನ್ 14ರಂದು ಕಾಂಟಿನೆಂಟಲ್ ಕಾಂಗ್ರೆಸ್ ಪೆನ್ಸಿಲ್ವೇನಿಯ, ಮೇರಿಲ್ಯಾಂಡ್, ವರ್ಜೀನಿಯಗಳಿಂದ ನುರಿತ ರೈಫಲ್‌ಗಾರರ ಹತ್ತು ತುಕಡಿಗಳನ್ನು ಕಟ್ಟಲು ನಿರ್ಧರಿಸಿತು. ಅಮೆರಿಕದ ಭೂಸೇನೆ ಅದೇ ದಿನವನ್ನು ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಆದರೆ ಉದ್ದಕೋವಿಯೊಂದೇ ಯುದ್ಧ ಗೆದ್ದಿತೆಂಬುದು ಅತಿಶಯೋಕ್ತಿ. ನಿಮಿಷಕ್ಕೆ ಮೂರು ಬಾರಿ ಹಾರಿಸಬಹುದಾದ ಸಾಧಾರಣ ಮಸ್ಕೆಟ್ಟಿನ ಎದುರು ಇದನ್ನು ತುಂಬಲು ಬಹಳ ಹೊತ್ತು ಬೇಕು. ಮೇಲಾಗಿ ತುದಿಗೆ ಬಯೊನೆಟ್ ಸಿಕ್ಕಿಸುವಂತಿಲ್ಲ. ಆದರೂ 1777ರ ಸಾರಟೋಗದಲ್ಲಿ, 1780ರ ಕಿಂಗ್ಸ್ ಮೌಂಟನಿನಲ್ಲಿ ಅದು ತನ್ನ ಬೆಲೆಯನ್ನು ತೋರಿಸಿತು.

ಅದೇ ಕಾಲದ ನಮ್ಮ ನಾಡು

ಇಲ್ಲಿ ನಮ್ಮ ನಾಡಿನ ನೆನಪು ಬರುವುದು ಸಹಜ. ಏಕೆಂದರೆ ಅದೇ ಆಂಗ್ಲರೊಡನೆ ಅದೇ ವರ್ಷಗಳಲ್ಲಿ ಮೈಸೂರು ಕಾದುತ್ತಿತ್ತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರೇನು ಗೊತ್ತೇ? 'ಹೈದರ್ ಆಲಿ'! ನಾವು ಮೊದಲ ಬಾರಿ ಇದನ್ನು ಓದಿದಾಗ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದೆವು. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತು ಹೋದ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳು ಕುಸುರಿ ಕೆಲಸಕ್ಕೆ ಹೆಸರಾದವು. ಹುಲಿಯ ಮುಖ, ಹುಲಿಪಟ್ಟೆ, ಬೆಳ್ಳಿ ಬಂಗಾರದ ಜೋಡಣೆ, ಜತೆಗೆ ಮಾಡಿದವನ ಹೆಸರು, ಊರು, ವರ್ಷ. ಲ್ಯಾಂಕಾಸ್ಟರಿನ ಕಮ್ಮಾರನಂತೆಯೇ ಪಟ್ಟಣದ ಉಸ್ತಾದನೂ ತನ್ನ ಕೆಲಸಕ್ಕೆ ತನ್ನ ಹೆಸರು ಹಾಕಿದ. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯಿಂದ ಸೈನ್ಯದ ಜತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಇನ್ನು ನಮ್ಮ ಉಕ್ಕಿನ ಮಾತು. ಪಾಶ್ಚಾತ್ಯರು ಬೆರಗಿನಿಂದ ಪರೀಕ್ಷಿಸಿದ 'ವೂಟ್ಸ್' ಉಕ್ಕಿನ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂದಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಯ ಕುಲುಮೆಗಳಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ.

1799ರ ಮೇ 4ರಂದು ಪಟ್ಟಣ ಬಿದ್ದಿತು. ಆಶ್ರಯ ಕೊಟ್ಟ ಅರಸು ಹೋದ, ಕಾರ್ಖಾನೆ ನಿಂತಿತು. ಅವನ ಕೋವಿಗಳು ಲೂಟಿಯ ವಸ್ತುಗಳಾಗಿ ಇಂಗ್ಲೆಂಡಿನ ಶ್ರೀಮಂತರ ಗೋಡೆಗಳನ್ನೇರಿದವು. ಎರಡು ಶತಮಾನಗಳ ಮೇಲೂ, 2005ರಲ್ಲಿ, ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಅಂಥ ಸಂಗ್ರಹವೊಂದು ಮಾರಾಟವಾಯಿತು. ಕೋವಿಗಳು ಉಳಿದವು, ಮಾಡುವ ಕೈಗಳು ಉಳಿಯಲಿಲ್ಲ.

ಯಂತ್ರ ಬಂತು, ಹೆಸರು ಹೋಯಿತು

ಅಮೆರಿಕದಲ್ಲಿ ಕೈಗೆಲಸವನ್ನು ಅಳಿಸಿದ್ದು ಸೋಲಲ್ಲ, ಯಂತ್ರ. 1798ರಲ್ಲಿ ಎಲೈ ವಿಟ್ನಿ ಸರ್ಕಾರಕ್ಕೆ ಹತ್ತು ಸಾವಿರ ಮಸ್ಕೆಟ್ಟುಗಳನ್ನು ಮಾಡಿಕೊಡುವ ಕರಾರು ಮಾಡಿಕೊಂಡ. ಎರಡು ವರ್ಷಕ್ಕೆಂದು ಒಪ್ಪಿದ್ದು ಹತ್ತು ವರ್ಷ ಹಿಡಿಯಿತು. ಒಂದರ ಭಾಗ ಇನ್ನೊಂದಕ್ಕೆ ಸರಿಹೊಂದುವ ಕೋವಿಯನ್ನು ನಿಜವಾಗಿ ಸಾಧಿಸಿದವನು 1820ರ ದಶಕದಲ್ಲಿ ಹಾರ್ಪರ್ಸ್ ಫೆರಿಯ ಜಾನ್ ಹಾಲ್. ಅದೇ ಸುಮಾರಿಗೆ ಥಾಮಸ್ ಬ್ಲಾಂಚರ್ಡನ ಲೇತು ಕೋವಿಯ ಅಂಕುಡೊಂಕಾದ ಮರದ ಭಾಗವನ್ನೂ ಅಚ್ಚಿನಂತೆ ಕಡೆಯತೊಡಗಿತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅಮೆರಿಕದ ಕೋವಿಗಳನ್ನು ಕಂಡ ಬ್ರಿಟಿಷರು ಈ ಯಂತ್ರಗಳನ್ನೇ ಕೊಂಡು ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಹೂಡಿದರು. 1857ರಲ್ಲಿ ಕೊಬ್ಬು ಸವರಿದ ತೋಟಾಗಳಿಂದ ಸಿಪಾಯಿಗಳನ್ನು ಕೆರಳಿಸಿದ್ದು ಅದೇ ಎನ್‌ಫೀಲ್ಡ್ ಹೆಸರಿನ ಕೋವಿ!

ಮುಂದಿನದು ನಮ್ಮವರಿಗೆ ಗೊತ್ತಿರುವ ಕಥೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ, ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ದಂಗೆ ಎದ್ದರು. ಆ ನವೆಂಬರಿನಲ್ಲಿ ಕಂಪನಿಯ ಸೈನ್ಯ ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಉಳಿಯಿತು. ಕೊಡಗಿಗೆ ಮಾತ್ರ 1861ರಲ್ಲಿ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದಲ್ಲೂ ಅದು ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವುದು, ಮಗು ಹುಟ್ಟಿದಾಗಲೂ ಮನೆಯವರು ಸತ್ತಾಗಲೂ ಗುಂಡು ಹಾರಿಸಿ ಊರಿಗೆ ತಿಳಿಸುವುದು ಕೊಡವರ ಸಂಪ್ರದಾಯ. ಅಲ್ಲಿ ಕೋವಿ ಬರಿಯ ಆಯುಧವಲ್ಲ, ಮನೆಯ ಒಂದು ಸದಸ್ಯ ಎಂದರೂ ತಪ್ಪಾಗಲಾರದು. ನಮ್ಮ ಹಿರಿಯರ ಪ್ರಶ್ನೆ ಎಲ್ಲಿಂದ ಬಂತೆಂದು ನಮಗೆ ಅರ್ಥವಾದದ್ದು ಇಲ್ಲಿಗೆ ಬಂದಾಗ.

ಹವ್ಯಾಸವಾಗಿ ಮರುಹುಟ್ಟು

ಹೊಟ್ಟೆಪಾಡಿನ ಕಸುಬು ಸತ್ತ ಮೇಲೆ ಅದು ಹವ್ಯಾಸವಾಗಿ ಹುಟ್ಟುವುದು ಈ ದೇಶದ ಒಂದು ವಿಶೇಷ. ಇದಕ್ಕೆ ಎರಡು ಹೊಳೆಗಳು ಸೇರಿದವು. ಮೊದಲನೆಯದು ಸೈನ್ಯದ ಕೋವಿಯನ್ನು ಬೇಟೆಗೆ ತಕ್ಕಂತೆ ಮಾರ್ಪಡಿಸುವುದು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗ, ತನ್ನ ಮೈಕಟ್ಟಿಗೆ ತಕ್ಕಂತೆ ಮರ ಕೂರಿಸಿದ ಸ್ಪ್ರಿಂಗ್‌ಫೀಲ್ಡ್ ಕೋವಿಯನ್ನು ಒಯ್ದಿದ್ದ. ಅವನ ಪ್ರವಾಸ ಕಥನವನ್ನು ಓದಿದ ನ್ಯೂಯಾರ್ಕಿನ ಬಡಗಿ ಸೇಮೂರ್ ಗ್ರಿಫಿನ್, ತಾನೂ ಒಂದು ಸ್ಪ್ರಿಂಗ್‌ಫೀಲ್ಡ್ ತಂದು ಆಕ್ರೋಟು ಮರದ ಹಿಡಿಯನ್ನು ಕೆತ್ತಿ ಕೂರಿಸಿದ. ನೋಡಿದವರು ತಮಗೂ ಬೇಕೆಂದರು. 1923ರಲ್ಲಿ ಹುಟ್ಟಿದ 'ಗ್ರಿಫಿನ್ ಅಂಡ್ ಹೋವ್' ಸಂಸ್ಥೆಗೆ ಬೀಜ ಅದೇ.

ಶ್ರೀಮಂತರು ಅಲ್ಲಿ ಮಾಡಿಸಿಕೊಂಡರೆ, ಸಾಮಾನ್ಯರು ಮನೆಯ ನೆಲಮಾಳಿಗೆಯಲ್ಲಿ ತಾವೇ ಮಾಡಿಕೊಂಡರು. ಎರಡು ಮಹಾಯುದ್ಧಗಳ ಮೇಲೆ ಸೈನ್ಯದ ಹಳೆಯ ಕೋವಿಗಳು ಅಗ್ಗಕ್ಕೆ ದೊರೆತವು. ಮಿಸೌರಿಯ ವಾರ್ಸಾ ಎಂಬ ಪುಟ್ಟ ಊರಿನಿಂದ ಬಿಷಪ್, ಫಾಯೆನ್ ಎಂಬ ಎರಡು ಕಂಪನಿಗಳು ಅರೆಬರೆ ಕಡೆದ ಆಕ್ರೋಟು ಮರವನ್ನು ಅಂಚೆಯಲ್ಲಿ ಕಳಿಸುತ್ತಿದ್ದವು. ಉಳಿದದ್ದು ಕೊಂಡವನ ಕೈಗೆ ಬಿಟ್ಟದ್ದು. ಕಾಡಿಗೆ ಹಚ್ಚಿ ಹೆರೆಯುವುದು, ಕೈ ಜಾರದಂತೆ ಚೌಕುಳಿ ಗೀರು ಹಾಕುವುದು, ಅಗಸೆ ಎಣ್ಣೆಯನ್ನು ಅಂಗೈಯಿಂದ ಉಜ್ಜುವುದು. ಎಣ್ಣೆಗೆ ಇಲ್ಲೊಂದು ಹಳೆಯ ಲೆಕ್ಕವಿದೆ: ವಾರವಿಡೀ ದಿನಕ್ಕೊಮ್ಮೆ, ತಿಂಗಳಿಡೀ ವಾರಕ್ಕೊಮ್ಮೆ, ವರ್ಷವಿಡೀ ತಿಂಗಳಿಗೊಮ್ಮೆ, ಆಮೇಲೆ ಜೀವಮಾನವಿಡೀ ವರ್ಷಕ್ಕೊಮ್ಮೆ. ಲೋಹಕ್ಕೆ ಬಣ್ಣ ಬರಿಸುವ ಬಗೆ ಇನ್ನೂ ಸೋಜಿಗದ್ದು. ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಕರಿದಾದ ಪುಡಿಯನ್ನು ಒರೆಸಿ, ಮತ್ತೆ ತುಕ್ಕು ಹಿಡಿಸುವುದು. ಹಲವು ಸಲವಾದ ಮೇಲೆ ಆ ತುಕ್ಕೇ ಕಡುನೀಲಿಯ ಕವಚವಾಗಿ ಮುಂದಿನ ತುಕ್ಕನ್ನು ತಡೆಯುತ್ತದೆ.

ಈ ಉತ್ಸಾಹಕ್ಕೂ ಒಂದು ಬೆಲೆಯಿತ್ತು. ಸಾವಿರಾರು ಜನ ಮೂಲ ಮರವನ್ನು ಎಸೆದು, ನಳಿಗೆಯನ್ನು ಕತ್ತರಿಸಿ, ಮುದ್ರೆಗಳನ್ನು ಅರದಿಂದ ಅಳಿಸಿದರು. ಆಗ ಕೆಲವೇ ಡಾಲರಿನ ಸರಕು. ಇಂದು ಮುಟ್ಟದೆ ಉಳಿಸಿದ ಕೋವಿಗೇ ಸಂಗ್ರಾಹಕರಲ್ಲಿ ಹೆಚ್ಚು ಬೆಲೆ. ಹಳೆಯ ದೇಗುಲಕ್ಕೆ ಎಣ್ಣೆಬಣ್ಣ ಬಳಿದು 'ಜೀರ್ಣೋದ್ಧಾರ' ಮಾಡುವ ನಮ್ಮವರ ನೆನಪಾಗದಿರದು. ಕೈಗೆ ಉಳಿ ಬಂದಾಗ ಕಣ್ಣಿಗೆ ತಾಳ್ಮೆಯೂ ಬರಬೇಕು.

ಎರಡನೆಯ ಹೊಳೆ ಉದ್ದಕೋವಿಯದೇ. 1924ರಲ್ಲಿ ಜಾನ್ ಡಿಲಿನ್ ಬರೆದ ಪುಸ್ತಕ ಮರೆತುಹೋಗಿದ್ದ ಪೆನ್ಸಿಲ್ವೇನಿಯದ ಕಮ್ಮಾರರತ್ತ ಜನರ ಗಮನ ಸೆಳೆಯಿತು. 1933ರಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಅಭಿಮಾನಿಗಳು ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರು ಅದರ ನೆಲೆ. 1960ರ ದಶಕದಲ್ಲಿ ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ ವಾಲೆಸ್ ಗಸ್ಲರ್ ಎಂಬ ಯುವಕ ಹದಿನೆಂಟನೆಯ ಶತಮಾನದ ಉಪಕರಣಗಳಿಂದಲೇ, ಕಬ್ಬಿಣದ ಪಟ್ಟಿಯಿಂದ ಮೊದಲುಗೊಂಡು, ಇಡೀ ಕೋವಿಯನ್ನು ಮಾಡಿ ತೋರಿಸಿದ. ಅದನ್ನು ಕುರಿತ ಚಲನಚಿತ್ರ 1969ರಲ್ಲಿ ಹೊರಬಂತು. ಗುರುವಿಲ್ಲದೆ ಹೋದ ವಿದ್ಯೆಯನ್ನು ಹಳೆಯ ಕೋವಿಗಳನ್ನೇ ಗುರುವಾಗಿಟ್ಟುಕೊಂಡು ಮರಳಿ ಕಲಿತ ಇಂಥವರನ್ನು ನೋಡಿದಾಗ ನಮಗೆ ಏಕಲವ್ಯನ ನೆನಪಾಯಿತು.

ಕಹಿ ಸತ್ಯ

ಇಷ್ಟೆಲ್ಲ ಹೇಳಿ ಆ ತಾಯಿಯ ಮಾತನ್ನು ಮರೆತರೆ ಅದು ನ್ಯಾಯವಲ್ಲ. 2021ರಲ್ಲಿ ಈ ದೇಶದಲ್ಲಿ ಕೋವಿಯಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. 'ಮನೆಯಲ್ಲೇ ಮಾಡಿದ ಕೋವಿ' ಎಂಬ ಮಾತಿಗೂ ಈಗ ಬೇರೆಯ ಅರ್ಥ ಬಂದಿದೆ. ಕ್ರಮಸಂಖ್ಯೆಯಿಲ್ಲದ ಬಿಡಿಭಾಗಗಳನ್ನು ತರಿಸಿ, ಕೌಶಲವಾಗಲಿ ತಾಳ್ಮೆಯಾಗಲಿ ಇಲ್ಲದೆ ಕೆಲವೇ ಗಂಟೆಗಳಲ್ಲಿ ಜೋಡಿಸುವ ಕೋವಿಗಳು ಅಪರಾಧಿಗಳ ಕೈ ಸೇರಿದ್ದರಿಂದ, ಅಂಥ ಕಿಟ್‌ಗಳಿಗೂ ಕ್ರಮಸಂಖ್ಯೆ ಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಊರ್ಟರ್ ತನ್ನ ಕೋವಿಯ ಮೇಲೆ ಹೆಸರು ಕೆತ್ತಿದ. ಇಂದಿನ ಈ ಕೋವಿಗಳ ಬಂಡವಾಳವೇ ಹೆಸರಿಲ್ಲದಿರುವುದು. ಕೊಂಡದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ಕೈಯಲ್ಲಷ್ಟೇ ಇಲ್ಲ, ಹೊಣೆಯಲ್ಲೂ ಇದೆ ಎಂದು ನಮಗೆ ತೋರುತ್ತದೆ.

ನಮ್ಮ ಸದಸ್ಯರಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 1968ರ ಕೇಂದ್ರ ಕಾಯಿದೆ ಹಳೆಯ ಮಾದರಿಯ ಚಕಮಕಿ ಕೋವಿಗಳನ್ನು ಬೇರೆಯಾಗಿ ಪರಿಗಣಿಸುತ್ತದೆ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು 1998ರಿಂದೀಚೆಗೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಆಧುನಿಕ ಕೋವಿಯನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರು ಬೀಗ ಹಾಕಿಡುವುದು ಮಕ್ಕಳಿರುವ ಮನೆಯ ಮೊದಲ ಧರ್ಮ.

ಆ ವರ್ಷದ ಪೂಜೆ

ಕೊನೆಗೆ ಆ ಆಯುಧಪೂಜೆ ಏನಾಯಿತೆಂದು ಓದುಗರು ಕೇಳಬಹುದು. ಬಾಡಿಗೆ ಸಭಾಂಗಣದ ಕರಾರಿನಲ್ಲೇ ಕೋವಿ ತರಕೂಡದೆಂದು ಬರೆದಿದ್ದರಿಂದ ವಾದ ತಾನಾಗಿಯೇ ತೀರಿತು. ಹಬ್ಬದ ದಿನ ಹಿರಿಯರು ಕೋವಿಯನ್ನು ಮನೆಯಲ್ಲೇ ಬಿಟ್ಟು, ಒಂದು ಹಳೆಯ ಪೆಟ್ಟಿಗೆ ಹೊತ್ತು ಬಂದರು. ಅದರಲ್ಲಿದ್ದದ್ದು ಅರಗಳು, ಉಳಿಗಳು, ಕೊಡತಿ, ಒಂದು ಕಾಡಿಗೆಯ ಡಬ್ಬಿ, ಅರ್ಧ ಕೆತ್ತಿದ ಮೇಪಲ್ ತುಂಡು. ಮಿಕ್ಸರು ಕಂಪ್ಯೂಟರುಗಳ ನಡುವೆ ಅವಕ್ಕೂ ಕುಂಕುಮ ಬಿತ್ತು. ಪ್ರಸಾದವಾದ ಮೇಲೆ ಮಕ್ಕಳು ಅವರನ್ನು ಸುತ್ತುವರಿದರು. ಉಳಿಯನ್ನು ಹೇಗೆ ಹಿಡಿಯಬೇಕು, ನಾರು ಯಾವ ಕಡೆಗೆ ಓಡುತ್ತದೆ, ಮೇಲೆದ್ದ ಕಪ್ಪನ್ನಷ್ಟೇ ಏಕೆ ತೆಗೆಯಬೇಕು ಎಂದು ಅವರು ಹೇಳಿಕೊಟ್ಟರು. ವಿಡಿಯೋ ಆಟ ಮರೆತ ಹುಡುಗರನ್ನು ನಾವು ಅಂದೇ ಕಂಡದ್ದು! ಮೇಜಿನಡಿ ಕೂರುವ ಅಭ್ಯಾಸ ಮಾಡುತ್ತಿದ್ದ ಆ ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲೇ ಕೂತಿದ್ದಳು.

ಮರುತಿಂಗಳಿನಿಂದ ಸಂಘದ ಕನ್ನಡ ಕಲಿ ತರಗತಿಯ ನಂತರ ಮರಗೆಲಸದ ಒಂದು ಗಂಟೆ ಆರಂಭವಾಯಿತು. ಅಲ್ಲಿ ಕೋವಿಯಿಲ್ಲ. ಮಣೆ, ಕಡಗೋಲು, ಚೆನ್ನೆಮಣೆ, ಇವೇ ಪಾಠ. ಕೊಡತಿ, ಉಳಿ, ಅರ ಎಂಬ ಪದಗಳನ್ನು ನಮ್ಮ ಮಕ್ಕಳು ಪುಸ್ತಕದಿಂದಲ್ಲ, ಕೈಯಿಂದ ಕಲಿತರು. ಇಂಜಿನಿಯರುಗಳಾಗಿ ಇಲ್ಲಿಗೆ ಬಂದ ನಾವು ಆ ಪದಗಳನ್ನು ಮರೆತು ಎಷ್ಟು ವರ್ಷವಾಗಿತ್ತೋ! ನಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಕುಲುಮೆಯ ಮುಂದೆ, ನೇಗಿಲಿನ ಹಿಂದೆ ಬದುಕಿದವರೆಂಬುದನ್ನು ಹೇಳಿಕೊಳ್ಳಲೂ ಸಂಕೋಚಪಡುತ್ತಿದ್ದೆವು.

ಆ ತಾಯಿಯ ಅಭಿಪ್ರಾಯ ಬದಲಾಗಿಲ್ಲ, ಹಿರಿಯರದ್ದೂ ಬದಲಾಗಿಲ್ಲ. ಬದಲಾಗಬೇಕೆಂದೂ ನಾವು ಬಯಸುವುದಿಲ್ಲ. ಆದರೆ ಈ ವಾರ್ಷಿಕೋತ್ಸವದ ವೇದಿಕೆಯಲ್ಲಿ ತಾಯಿ ಭುವನೇಶ್ವರಿಯ ಪಟವನ್ನು ಇರಿಸಿರುವ ಮಣೆಯನ್ನು ಓದುಗರು ಒಮ್ಮೆ ಬಗ್ಗಿ ನೋಡಬೇಕಾಗಿ ವಿನಂತಿ. ಒಂದು ಕಾಲು ತುಸು ಗಿಡ್ಡ. ಅಡಿಯಲ್ಲಿ ಹನ್ನೊಂದು ಮಕ್ಕಳ ಹೆಸರುಗಳಿವೆ, ಉಳಿಯಲ್ಲಿ ಕೆತ್ತಿದ್ದು, ಕನ್ನಡದಲ್ಲಿ.